ಮದುವೆಯಾಗದವನ ಹೆಂಡತಿ

ಕ್ಯಾಪ್ಟನ್ ಹೊರದೇಶದ ಸೈನ್ಯಕ್ಕೆ ಆಯ್ಕೆಯಾದನೆಂದು ಫೋನು ಬಂದಾಗ ಅವನ ಹೆಂಡತಿ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದಳು. ಫೋನು ಮೊದಲು ಮಾವನ ಕೈಗೆ ಹೋಯಿತು, ಅಲ್ಲಿಂದ ಅತ್ತೆಯ ಕೈಗೆ, ಆಮೇಲೆ ನಾದಿನಿಯ ಕೈಗೆ. ಅವಳು ಒದ್ದೆ ಕೈ ಒರೆಸಿಕೊಂಡು ತನ್ನ ಸರದಿಗೆ ಕಾಯುತ್ತ ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಅತ್ತೆ ಮಗಳ ಕೈಯಿಂದ ಫೋನು ಇಸಿದುಕೊಂಡು, ಆಯ್ತಪ್ಪ ಇಡ್ತೀನಿ, ಹುಷಾರಾಗಿರು ಎಂದು ಕಟ್ ಮಾಡಿಬಿಟ್ಟರು.

"ನನ್ನ ಹತ್ರ ಮಾತಾಡಲೇ ಇಲ್ಲವಲ್ಲ ಅತ್ತೆ," ಎಂದಳು ಸೊಸೆ.

ಒಲೆ ಮೇಲೆ ಹಾಲು ಇದೆ ನೋಡು ಎಂದರು ಅತ್ತೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಊಟಕ್ಕೆ ಕೂತಾಗ ಮಾವ ವಿಷಯ ಬಿಚ್ಚಿದರು. ಆ ಸೈನ್ಯದಲ್ಲಿ ಮೊದಲ ಐದು ವರ್ಷ ಮದುವೆಯಾದವರಿಗೆ ಜಾಗವಿಲ್ಲವಂತೆ. ಹಾಗಾಗಿ ಮಗ ತನಗೆ ಮದುವೆಯಾಗಿಲ್ಲ ಎಂದು ಹೇಳಿದ್ದಾನೆ. ಮನೆಯಲ್ಲಿ ಅಪ್ಪ, ಅಮ್ಮ, ಒಬ್ಬಳು ಅಕ್ಕ, ಒಬ್ಬಳು ತಂಗಿ ಇದ್ದಾರೆ ಎಂದಿದ್ದಾನೆ.

"ಅಕ್ಕನಾ? ನಮಗೆಲ್ಲಿದ್ದಾಳೆ ಅಕ್ಕ?" ಎಂದು ನಾದಿನಿ ಕೇಳಿದಳು.

ಮಾವ ಬ್ರೆಡ್ಡಿನ ತುಂಡನ್ನು ಸೂಪಿನಲ್ಲಿ ಅದ್ದುತ್ತಲೇ ಇದ್ದರು. ಅದು ಮೆತ್ತಗಾಗಿ ಕಳಚಿ ಬಟ್ಟಲಿಗೆ ಬಿದ್ದ ಮೇಲೆ ಸೊಸೆಯ ಕಡೆ ನೋಡಿದರು. ಆಗ ಅವಳಿಗೆ ಅರ್ಥವಾಯಿತು.

ಅವನಿಗೆ ಕ್ಯಾಪ್ಟನ್ ಎಂಬ ಹೆಸರು ಬಿದ್ದದ್ದು ಚಿಕ್ಕಂದಿನಲ್ಲಿ, ಬೀದಿಯ ಹುಡುಗರ ಕೈಗೆಲ್ಲ ಕೋಲು ಕೊಟ್ಟು ಸಾಲಾಗಿ ನಡೆಸುತ್ತಿದ್ದುದರಿಂದ. ದೊಡ್ಡವನಾದ ಮೇಲೂ ಆ ಹುಚ್ಚು ಬಿಡಲಿಲ್ಲ. ಸ್ವಂತ ದೇಶದ ಸೈನ್ಯಕ್ಕೆ ಮೊದಲ ಸಲ ಹೋದಾಗ ಉಸಿರೆಳೆದರೂ ಎದೆ ಬೇಕಾದಷ್ಟು ಉಬ್ಬಲಿಲ್ಲ. ಒಂದು ವರ್ಷ ದಂಡ ಬಸ್ಕಿ ಹೊಡೆದು ಎದೆ ಬೆಳೆಸಿಕೊಂಡು ಹೋದ. ಆಗ ಓಟದಲ್ಲಿ ಕಾಲು ಉಳುಕಿತು. ಕಾಲು ವಾಸಿಯಾಗಿ ಮೂರನೇ ಸಲ ಹೋಗುವ ಹೊತ್ತಿಗೆ ವಯಸ್ಸು ಮೀರಿತ್ತು. ಗೇಟಿನಲ್ಲೇ ವಾಪಸು ಕಳಿಸಿದರು. ಸೈನ್ಯ ಇಲ್ಲದ ಕ್ಯಾಪ್ಟನ್ ಎಂದು ಬೀದಿಯಲ್ಲಿ ನಗೆಯಾಡಿದರು. ಅಂಗಡಿಯೊಂದರ ಕಾವಲುಗಾರನಾಗಿ ಸೇರಿದ, ಮದುವೆಯಾದ. ಮದುವೆಗೆ ಬೀದಿಯವರೆಲ್ಲ ಬಂದು ಉಂಡು ಹೋದರು. ಸರ್ಕಾರಿ ಕಚೇರಿಗೆ ಹೋಗಿ ದಾಖಲು ಮಾಡಿಸುವುದು ಮಾತ್ರ ನಾಳೆ ನಾಳೆ ಎಂದು ಉಳಿದುಹೋಯಿತು. ಎರಡು ವರ್ಷ ಎಲ್ಲರ ಹಾಗೆ ಸಂಸಾರ ಮಾಡಿದರು. ಆಮೇಲೆ ಯಾರೋ ಹೊರದೇಶದ ಸೈನ್ಯವೊಂದರ ಸುದ್ದಿ ಹೇಳಿದರು: ಎಲ್ಲ ದೇಶದವರನ್ನೂ ತಗೊಳ್ತಾರೆ, ವಯಸ್ಸು ನಲವತ್ತರ ಒಳಗಿದ್ದರೆ ಸಾಕು. ಕ್ಯಾಪ್ಟನ್ ಮತ್ತೆ ಮುಂಜಾನೆ ಎದ್ದು ಓಡಲು ಶುರುಮಾಡಿದ. ಹೊರಡುವಾಗ ಹೆಂಡತಿಗೆ, ಸಿಕ್ಕಿದರೆ ನಿನ್ನನ್ನೂ ಕರೆಸಿಕೊಳ್ತೀನಿ ಎಂದಿದ್ದ. ಮದುವೆಯ ನಿಯಮದ ಮಾತೇ ಎತ್ತಿರಲಿಲ್ಲ.

ಆಯ್ಕೆಯಾದವರ ಮನೆಗೆ ಆ ಸೈನ್ಯದ ಕಡೆಯವರು ಬಂದು ವಿಚಾರಿಸಿಕೊಂಡು ಹೋಗುತ್ತಾರಂತೆ. ಯಾವಾಗ ಬರುತ್ತಾರೆಂದು ಹೇಳುವುದಿಲ್ಲ. ಮದುವೆ ಊಟ ಉಂಡ ಬೀದಿಯಲ್ಲಿ ಇನ್ನು ಇರುವುದು ಕ್ಷೇಮವಲ್ಲವೆಂದು ಅತ್ತೆ ತೀರ್ಮಾನಿಸಿದರು. ಮಾವ ಬಸ್ ಡಿಪೋದಲ್ಲಿ ಟೈರು ಕಟ್ಟುವ ಕೆಲಸದವರು. ಡಿಪೋ ಹಿಂದೆಯೇ, ಊರಿನ ಇನ್ನೊಂದು ತುದಿಯಲ್ಲಿ, ಎರಡು ಕೋಣೆಯ ಮನೆ ಸಿಕ್ಕಿತು. ಸಾಮಾನು ಕಟ್ಟುವಾಗ ಅತ್ತೆ ಗೋಡೆಯ ಮೇಲಿದ್ದ ಮದುವೆ ಫೋಟೋ ಇಳಿಸಿ, ಹಳೇ ಪರದೆಯಲ್ಲಿ ಸುತ್ತಿ, ತಮ್ಮ ತಂಗಿಯ ಮನೆಗೆ ಕಳಿಸಿಬಿಟ್ಟರು. ಬೆರಳಿನ ಉಂಗುರ ತೆಗಿ ಎಂದು ಅವರು ಹೇಳಲಿಲ್ಲ. ಪಾತ್ರೆ ತೊಳೆಯುವಾಗ ಸವೆಯುತ್ತೆ, ಎತ್ತಿಡು ಎಂದರು.

ಹೊಸ ಮನೆಯಲ್ಲಿ ಒಂದು ಕೋಣೆ ಅತ್ತೆ ಮಾವಂದಿರಿಗೆ, ಇನ್ನೊಂದು ಹೆಣ್ಣುಮಕ್ಕಳಿಬ್ಬರಿಗೆ. ಅಲ್ಲಿ ಮೊದಲ ದಿನದಿಂದಲೇ ಪಾಠ ಶುರುವಾಯಿತು. ಸೊಸೆ ಇನ್ನು ಅತ್ತೆಗೆ ಅಮ್ಮ ಅನ್ನಬೇಕು, ಮಾವನಿಗೆ ಅಪ್ಪ ಅನ್ನಬೇಕು. ನಾದಿನಿ ಅತ್ತಿಗೆಯನ್ನು ಅಕ್ಕ ಅನ್ನಬೇಕು. ಗಂಡನಿಗಿಂತ ವಯಸ್ಸಿನಲ್ಲಿ ಚಿಕ್ಕವಳಾದ ಅವಳು ಒಂದೇ ವಾರದಲ್ಲಿ ಅವನಿಗಿಂತ ದೊಡ್ಡವಳಾದಳು.

"ನನಗೇನೂ ಕಷ್ಟ ಇಲ್ಲ," ಎಂದರು ಮಾವ. "ನಾನು ಮೊದಲಿಂದಲೂ ಇವಳನ್ನ ಅಮ್ಮಾ ಅಂತಲೇ ಕರೀತಿದ್ದೆ."

ನಗಿಸಲೆಂದು ಆಡಿದ ಮಾತಿಗೆ ಸೊಸೆ ನಕ್ಕಳು. ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾದಿನಿ ಮಾತ್ರ ನಗಲಿಲ್ಲ. ಅವಳದು ಉಪ್ಪು ಖಾರ ಎರಡೂ ಇದ್ದ ನಾಲಿಗೆ. ಮನೆಯೊಳಗೆ ಯಾರೂ ಇಲ್ಲದಾಗ ಈ ನಾಟಕ ಯಾಕೆ ಎಂದು ತಾಯಿಯ ಜೊತೆ ದಿನಾ ಜಗಳಕ್ಕೆ ನಿಲ್ಲುತ್ತಿದ್ದಳು. ನಾಲಿಗೆಗೆ ಒಳಗೊಂದು ಹೊರಗೊಂದು ಗೊತ್ತಾಗಲ್ಲ, ಅವರು ಬಂದು ಕೂತಾಗ ಬಾಯಿ ತಪ್ಪಿ ಅತ್ತಿಗೆ ಅಂದರೆ ಅಣ್ಣನ ಬಾಳು ಹಾಳು ಎಂದು ತಾಯಿ ವಾದಿಸುತ್ತಿದ್ದರು. ಅತ್ತಿಗೆಯ ಬಾಳು ಯಾರ ಲೆಕ್ಕದಲ್ಲಿದೆ ಎಂದು ಮಗಳು ಕೇಳುತ್ತಿದ್ದಳು. ಆಗ ಸೊಸೆಯೇ ನಡುವೆ ಬಂದು, ಹೋಗ್ಲಿ ಬಿಡಿ, ಬೇಳೆ ಆರುತ್ತೆ, ಬನ್ನಿ ಊಟಕ್ಕೆ ಎನ್ನುತ್ತಿದ್ದಳು.

ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದೊಡ್ಡ ಯಂತ್ರಗಳಿಂದ ಬಿಸಿಬಿಸಿಯಾಗಿ ಬರುವ ಹಾಸುಬಟ್ಟೆಗಳನ್ನು ಇಬ್ಬರು ಎದುರುಬದುರು ನಿಂತು, ತುದಿ ಹಿಡಿದು ಜಗ್ಗಿ, ಹತ್ತಿರ ಬಂದು, ಮತ್ತೆ ದೂರ ಸರಿದು ಮಡಿಸಬೇಕು. ಅವಳ ಎದುರು ನಿಲ್ಲುತ್ತಿದ್ದ ಹೆಂಗಸು ಮಾತಿನ ಮಲ್ಲಿ. ಗಂಡನ ಸುದ್ದಿ ಏನು, ಹಣ ಕಳಿಸ್ತಾನಾ, ಎಷ್ಟು ದಿನ ಅಂತ ಹೀಗಿರ್ತೀಯ ಎಂದು ಪ್ರತಿ ಮಡಿಕೆಗೊಂದು ಪ್ರಶ್ನೆ ಕೇಳುತ್ತಿದ್ದಳು. ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಮದುವೆಯಾದವಳು. ಸಂಜೆ ಬಸ್ಸು ಹತ್ತಿ ಡಿಪೋ ಬಳಿ ಇಳಿದರೆ ಮದುವೆಯಾಗದವಳು. ಕೊನೆಗೆ ಅತ್ತೆಯ ಮಾತಿನಂತೆ ಅವಳು ಕೆಲಸದಲ್ಲೂ ಗಂಡನ ಸುದ್ದಿ ಎತ್ತುವುದನ್ನು ನಿಲ್ಲಿಸಿದಳು. ಎದುರಿನವಳು ಎರಡು ದಿನ ಕೇಳಿ, ಮೂರನೇ ದಿನ ಮುಖ ಸಣ್ಣದು ಮಾಡಿಕೊಂಡು ಬೇರೆಯವಳ ಜೊತೆ ಮಡಿಸಲು ಹೋದಳು.

ಸೊಸೆ ತನ್ನ ಅಣ್ಣನ ಮನೆಗೆ ಹೋಗಿ ಹೇಳಿಕೊಂಡು ನೋಡಿದಳು. ಅವಳಿಗೆ ತವರೆಂದು ಉಳಿದಿದ್ದು ಅದೊಂದೇ. ಅಣ್ಣ ಎಲ್ಲವನ್ನೂ ಕೇಳಿ, ಐದು ವರ್ಷ ಕಣ್ಣು ಮುಚ್ಚಿ ಬಿಡೋದ್ರಲ್ಲಿ ಕಳೆದುಹೋಗುತ್ತೆ ಎಂದ. ಅಣ್ಣನ ಹೆಂಡತಿ ಟೀ ಕೊಟ್ಟು, ಕಡೇ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು.

ಭಾನುವಾರ ಕ್ಯಾಪ್ಟನ್ ಫೋನು ಮಾಡುತ್ತಿದ್ದ. ಹೊಸಬರ ಫೋನನ್ನು ಅಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿರುತ್ತಾರೆ, ನಮ್ಮ ಭಾಷೆ ಬಲ್ಲವರೂ ಇದ್ದಾರೆ ಎಂದು ಯಾರ ಕೈಲೋ ಹೇಳಿಕಳಿಸಿದ್ದ. ಹಾಗಾಗಿ ಫೋನು ಮೇಜಿನ ಮೇಲೆ ಸ್ಪೀಕರಿನಲ್ಲಿಟ್ಟು ಎಲ್ಲರೂ ಸುತ್ತ ಕೂರುತ್ತಿದ್ದರು. ಮೊದಲ ಭಾನುವಾರ ಅವನು, "ಅಕ್ಕ ಇದ್ದಾಳಾ?" ಎಂದ. ಅತ್ತೆ ಮೊಣಕೈಯಿಂದ ತಿವಿದರು. ಇಲ್ಲಿಯವರೆಗೆ ಗಂಡನನ್ನು ರೀ ಎಂದಲ್ಲದೆ ಕರೆಯದವಳು ಗಂಟಲು ಸರಿಮಾಡಿಕೊಂಡು, "ಏನೋ, ಚೆನ್ನಾಗಿದ್ದೀಯೇನೋ?" ಎಂದಳು. ಮಾವ ಬಾಯಿಗೆ ಟವೆಲು ಒತ್ತಿಕೊಂಡು ನಕ್ಕರು. ಅವಳಿಗೂ ನಗು ತಡೆಯಲಾಗಲಿಲ್ಲ. ಆ ಕಡೆಯಿಂದ ಅವನೂ ನಕ್ಕ. ಆ ಒಂದು ಭಾನುವಾರ ಮಾತ್ರ ಅದು ಅವರಿಬ್ಬರ ನಡುವಿನ ಗುಟ್ಟಿನ ಆಟದಂತಿತ್ತು.

ಮುಂದಿನ ವಾರಗಳಲ್ಲಿ ಅವನು ಆ ಆಟದಲ್ಲಿ ಪಳಗಿದ. ಅಕ್ಕಾ, ಅಮ್ಮನ ಮಂಡಿನೋವು ಹೇಗಿದೆ, ಎಣ್ಣೆ ಹಚ್ಚು. ಅಕ್ಕಾ, ತಂಗಿಗೆ ಬೈಬೇಡ ಅಂತ ಅಮ್ಮನಿಗೆ ಹೇಳು. ಒಂದು ಸಲವೂ ಮಾತು ತಡವರಿಸಲಿಲ್ಲ. ಬೂಟು ಕಾಲು ಕಚ್ಚಿದ್ದು, ಊಟಕ್ಕೆ ಮಾಂಸ ಧಾರಾಳವಾಗಿ ಕೊಡುವುದು, ಓಟದಲ್ಲಿ ತಾನು ಮುಂದಿನ ಸಾಲಿನಲ್ಲಿರುವುದು ಎಲ್ಲ ಹೇಳುತ್ತಿದ್ದ. ಅವಳು ಸುಳಿವು ಹುಡುಕುತ್ತ ಕೂರುತ್ತಿದ್ದಳು: ಒಂದು ಕೆಮ್ಮು, ಒಂದು ನಿಟ್ಟುಸಿರು, ತಮಗಿಬ್ಬರಿಗೇ ಗೊತ್ತಿದ್ದ ಹಳೇ ಮಾತು ಒಂದಾದರೂ. ಫೋನಿಟ್ಟ ಮೇಲೆ ಅತ್ತೆ, ನನ್ನ ಮಗ ಎಷ್ಟು ಚೊಕ್ಕವಾಗಿ ಮಾತಾಡ್ದ ನೋಡಿ, ಯಾರಿಗೂ ಅನುಮಾನ ಬರಲ್ಲ ಎಂದು ಹೊಗಳುತ್ತಿದ್ದರು.

ಹೊಸ ಬೀದಿಯವರಿಗಂತೂ ಅನುಮಾನ ಬರಲೇ ಇಲ್ಲ. ಮಹಡಿಯ ಮೇಲಿದ್ದ ಹೆಂಗಸು, ಮನೆಯವರೆಲ್ಲ ಮಹಡಿಯಮ್ಮ ಎಂದು ಕರೆಯುತ್ತಿದ್ದವಳು, ಒಂದು ಸಂಜೆ ಬಂದು ಕೂತು, ಮನೇಲಿ ಬೆಳೆದ ದೊಡ್ಡ ಮಗಳನ್ನ ಇಟ್ಕೊಂಡು ಹೀಗೆ ಕೈ ಕಟ್ಟಿ ಕೂತರೆ ಹೇಗೆ ಎಂದು ಅತ್ತೆಯನ್ನು ತರಾಟೆಗೆ ತೆಗೆದುಕೊಂಡಳು. ತನಗೆ ಗೊತ್ತಿರುವ ಒಬ್ಬ ಗಡಿಯಾರ ರಿಪೇರಿಯವನಿದ್ದಾನೆ, ಹೆಂಡತಿ ಸತ್ತು ಮೂರು ವರ್ಷವಾಯಿತು, ಮಕ್ಕಳಿಲ್ಲ, ಅಪ್ಪಟ ಬಂಗಾರ ಎಂದಳು. ಅತ್ತೆ ಏನೇನೋ ನೆಪ ಹೇಳಿದರು. ಹುಡುಗಿಗೆ ಈಗಲೇ ಮನಸ್ಸಿಲ್ಲ ಎಂದರು. ಯಾರ ಹುಡುಗಿಗೆ ಮೊದಲೇ ಮನಸ್ಸಿರುತ್ತೆ ಹೇಳಿ ಎಂದು ಮಹಡಿಯಮ್ಮ ಆ ವಾರವೇ ಅವನನ್ನು ಕರೆದುಕೊಂಡು ಬಂದಳು.

ಅವನು ಸೀದಾ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು ಟೀ ಕುಡಿದ. ಗೋಡೆ ಗಡಿಯಾರ ನಿಧಾನ ನಡೆಯುತ್ತಿದೆ ಎಂದು ಹೇಳಿ, ಇಳಿಸಿ, ಸರಿಮಾಡಿ ಮತ್ತೆ ತೂಗುಹಾಕಿದ. ಸೊಸೆ ಲಾಂಡ್ರಿಯಿಂದ ಆಗಷ್ಟೇ ಬಂದಿದ್ದಳು. ಅವಳ ಬಿಸಿ ತಾಕಿ ಕೆಂಪಾದ ಕೈಗಳನ್ನು ನೋಡಿ, "ಏನಾದ್ರೂ ತಿಂದ್ರಾ? ಸುಸ್ತಾದ ಹಾಗಿದ್ದೀರ," ಎಂದು ಕೇಳಿದ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ತಿಂದೆಯಾ ಎಂದು ತನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪಾಗಲಿಲ್ಲ.

ಅವತ್ತು ಅವನು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಯಿತು. ನಾದಿನಿ ಕೆಲಸದಿಂದ ಬಂದವಳು ವಿಷಯ ತಿಳಿದು ಚೀಲವನ್ನು ಮೂಲೆಗೆಸೆದಳು. ಅಣ್ಣನ ಹೆಂಡತಿಗೆ ಗಂಡು ತೋರಿಸುವ ಮನೆ ಪ್ರಪಂಚದಲ್ಲಿ ಇದೊಂದೇ ಇರಬೇಕು ಎಂದಳು. ತಾನೇನು ಕರೆದಿದ್ದೆನಾ ಎಂದು ತಾಯಿ ಅತ್ತರು. ಆಗ ನಾದಿನಿ ಸಣ್ಣ ದನಿಯಲ್ಲಿ ಕೇಳಿದಳು.

"ಅಮ್ಮ, ಒಂದು ಮಾತು ಹೇಳು. ಅಣ್ಣ ಹೊರಡೋಕೆ ಮುಂಚೆನೇ ನಿನಗೆ ಇದು ಗೊತ್ತಿತ್ತಲ್ವಾ?"

ಅತ್ತೆ ಪಾತ್ರೆಯ ತಳ ಉಜ್ಜುತ್ತಿದ್ದರು. ಉಜ್ಜುತ್ತಲೇ ಇದ್ದರು.

"ಹೇಳು."

"ಅವನು ಊಟ ಬಿಟ್ಟಿದ್ದ ಕಣೇ," ಎಂದರು ಅತ್ತೆ ಕೊನೆಗೆ. "ಮೂರು ಸಲ ವಾಪಸ್ ಬಂದಾಗ ನೀನೂ ನೋಡಿದ್ದೆ, ಗೋಡೆ ಕಡೆ ತಿರುಗಿ ಮಲಗಿದ್ದ. ನಾಲ್ಕನೇ ಸಲಾನೂ ಹಾಗೆ ಆಗಿದ್ರೆ ನನ್ನ ಮಗ ಉಳೀತಿರಲಿಲ್ಲ. ಇವಳು ಗಟ್ಟಿಗಿತ್ತಿ. ತಡ್ಕೋತಾಳೆ ಅಂದ್ಕೊಂಡೆ."

ಸೊಸೆ ತಟ್ಟೆಗಳನ್ನು ಒರೆಸಿ ಒಂದರ ಮೇಲೊಂದು ಜೋಡಿಸಿದಳು. ಮಾವ ಚಪ್ಪಲಿ ಮೆಟ್ಟಿಕೊಂಡು ಡಿಪೋ ಕಡೆ ನಡೆದರು. ಅವರಿಗೆ ಆ ಹೊತ್ತಿನಲ್ಲಿ ಕೆಲಸವೇನೂ ಇರಲಿಲ್ಲ. ಸವೆದ ಟೈರುಗಳ ರಾಶಿಯ ಮೇಲೆ ಕೂತು ಎರಡು ಬೀಡಿ ಸೇದಿ ಬಂದರು. ಬಂದವರು ಸೊಸೆಗೆ, ನನಗೆ ಗೊತ್ತಿರಲಿಲ್ಲಮ್ಮ ಎಂದರು. ಗೊತ್ತಿದ್ದಿದ್ದರೆ ಏನು ಮಾಡುತ್ತಿದ್ದರೆಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಭಾನುವಾರ ಕ್ಯಾಪ್ಟನ್ ಫೋನು ಮಾಡಿದಾಗ ಅವಳು ಫೋನನ್ನು ಮೇಜಿನಿಂದ ಎತ್ತಿಕೊಂಡಳು. ಸ್ಪೀಕರು ಆರಿಸಿ, ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಯ ಬಳಿ ಹೋದಳು. ಅತ್ತೆ ಹಿಂದೆಯೇ ಏಳಲು ಹೋದಾಗ ಮಾವ ಅವರ ಕೈ ಹಿಡಿದು ಕೂರಿಸಿದರು.

"ರೀ," ಎಂದಳು ಅವಳು ಮೆಲ್ಲಗೆ.

ಆ ಕಡೆಯವನು, "ಹಾಂ ಅಕ್ಕಾ, ಹೇಳು," ಎಂದ.

"ನೀವು ಏನೂ ಹೇಳಬೇಕಾಗಿಲ್ಲ. ಯಾರಾದ್ರೂ ಕೇಳಿಸ್ಕೋತಿದ್ರೆ ಕೇಳಿಸ್ಕೊಳ್ಳಲಿ, ನಿಮ್ಮ ಬಾಯಿಂದ ಒಂದು ಮಾತೂ ಬರೋದು ಬೇಡ. ನನ್ನ ನೆನಪು ನಿಮಗಿದ್ರೆ ಸ್ವಲ್ಪ ಹೊತ್ತು ಸುಮ್ಮನಿರಿ. ಅಷ್ಟೇ ಸಾಕು. ನಾನು ಐದು ವರ್ಷ ಕಾಯ್ತೀನಿ."

"ಅಕ್ಕಾ, ಇಲ್ಲಿ ಚಳಿ ಜಾಸ್ತಿಯಾಗಿದೆ," ಎಂದ ಅವನು ತಕ್ಷಣ. "ಉಣ್ಣೆ ಕಾಲುಚೀಲ ಕೊಟ್ಟಿದ್ದಾರೆ. ಮುಂದಿನ ವಾರ ಗುಂಡು ಹೊಡೆಯೋದು ಕಲಿಸ್ತಾರೆ. ಅಪ್ಪನಿಗೆ ಹೇಳು. ಲೈನು ಸರಿಯಿಲ್ಲ ಅನ್ಸುತ್ತೆ, ಅಮ್ಮನಿಗೆ ಕೊಡು."

ಅವನ ದನಿಯಲ್ಲಿ ಹೆದರಿಕೆ ಇತ್ತು. ಅದು ಅವಳಿಗೂ ಕೇಳಿಸಿತು. ಫೋನು ತಂದು ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ತಂತಿಯ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದಳು. ಕೆಲವು ಇನ್ನೂ ಹಸಿಯಿದ್ದವು.

ವಿಚಾರಣೆಯವರು ಬಂದದ್ದು ಅದರ ಮುಂದಿನ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಒಬ್ಬ ಪರದೇಶದ ಅಧಿಕಾರಿ, ಅವನ ಮಾತನ್ನು ತಿಳಿಸಿ ಹೇಳಲು ನಮ್ಮ ಭಾಷೆಯ ಒಬ್ಬ ಹೆಂಗಸು. ಅತ್ತೆ ಮೊಟ್ಟೆ ಹುರಿದು, ಬ್ರೆಡ್ಡು ಕಾಯಿಸಿ ಕೊಟ್ಟರು. ಅಧಿಕಾರಿ ಮರ್ಯಾದಸ್ಥ, ತಟ್ಟೆ ಖಾಲಿ ಮಾಡಿದ. ಮಾವನ ಕೆಲಸ ಕೇಳಿದ, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ ಕೇಳಿದ, ಮಗ ಯಾರ ಬಲವಂತಕ್ಕಾದರೂ ಬಂದಿದ್ದಾನೆಯೇ ಎಂದು ಕೇಳಿದ. ಅತ್ತೆ ಅಚ್ಚುಕಟ್ಟಾಗಿ ಉತ್ತರ ಹೇಳಿದರು. ಇವಳು ದೊಡ್ಡ ಮಗಳು, ಆಸ್ಪತ್ರೆಯಲ್ಲಿ ಕೆಲಸ. ಇವಳು ಚಿಕ್ಕವಳು. ನಾದಿನಿ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

ಅಧಿಕಾರಿ ಸೊಸೆಯ ಕಡೆ ತಿರುಗಿದ. ನಿಮ್ಮ ತಮ್ಮ ಸೈನ್ಯ ಸೇರುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳುತ್ತಿದ್ದಾರೆ ಎಂದಳು ಭಾಷೆ ತಿಳಿಸುವವಳು.

"ನಾನು ಅವರಿಗೆ ಅಕ್ಕ ಅಲ್ಲ," ಎಂದಳು ಸೊಸೆ.

ಅತ್ತೆ ಟೀ ಲೋಟ ಕೆಳಗಿಟ್ಟರು.

"ಈ ಮನೆಯಲ್ಲಿ ಇದ್ದೀನಿ. ಈ ಅಮ್ಮ ಮಗಳು ಅನ್ನೋದು, ಅವರು ಅಕ್ಕ ಅನ್ನೋದು ಇವರ ದೊಡ್ಡತನ. ನಾನು ಅವರಿಗೆ ಏನೂ ಆಗಬೇಕಾಗಿಲ್ಲ."

ಅಧಿಕಾರಿ ಮತ್ತೇನೋ ಕೇಳಿದ. ಆ ಹುಡುಗನಿಗೆ ಮದುವೆಯಾಗಿದೆಯೇ ಅಂತ ಕೇಳುತ್ತಿದ್ದಾರೆ ಎಂದಳು ಹೆಂಗಸು.

"ಇಲ್ಲ."

ಆ ಉತ್ತರವನ್ನು ಅಧಿಕಾರಿಗೆ ತಲುಪಿಸುವ ಮೊದಲು ಆ ಹೆಂಗಸು ಸೊಸೆಯನ್ನು ಒಂದು ಕ್ಷಣ ನೋಡಿದಳು. ಟೀ ಚೆನ್ನಾಗಿದೆ ಎನ್ನುವ ಧಾಟಿಯಲ್ಲಿ, ಮುಖ ಬದಲಿಸದೆ ಹೇಳಿದಳು: "ಇಂಥ ಮನೆಗಳನ್ನ ಬೇಕಾದಷ್ಟು ನೋಡಿದ್ದೀನಿ. ನೀವು ನಿಜ ಹೇಳಿದ್ರೆ ನಿಮ್ಮವರು ವಾಪಸ್ ಬರ್ತಾರೆ, ಅಷ್ಟೇ. ಜೈಲಿಗೇನೂ ಹಾಕಲ್ಲ. ಇನ್ನೊಂದು ಸಲ ಯೋಚನೆ ಮಾಡಿ ಹೇಳಿ."

ಮಾವ ತಲೆ ಎತ್ತಿದರು. ನಾದಿನಿ ಅತ್ತಿಗೆಯ ಮುಖ ನೋಡಿದಳು. ಅತ್ತೆ ಮಾತ್ರ ಯಾರನ್ನೂ ನೋಡದೆ ಮಡಿಲಲ್ಲಿ ಎರಡೂ ಕೈ ಹೆಣೆದುಕೊಂಡು ಕೂತಿದ್ದರು. ವಾಪಸ್ ಬಂದರೆ ಅವನು ಗೋಡೆ ಕಡೆ ತಿರುಗಿ ಮಲಗುತ್ತಾನೆ, ತನ್ನ ಪಕ್ಕದಲ್ಲೇ ಮಲಗುತ್ತಾನೆ ಎಂದುಕೊಂಡಳು ಸೊಸೆ.

"ನಿಜಾನೇ ಹೇಳಿದ್ದು," ಎಂದಳು. ಹೆಂಗಸು ಅದನ್ನು ತಿಳಿಸಿದಳು, ಅಧಿಕಾರಿ ಬರೆದುಕೊಂಡು ಎದ್ದ.

ಅವರು ಹೋದ ಮೇಲೆ ಅತ್ತೆ ಬಾಗಿಲು ಹಾಕಿ ಬಂದು ಸೊಸೆಯ ಎರಡೂ ಕೈ ಹಿಡಿದುಕೊಂಡರು. ನೀನು ದೇವತೆ, ಎಷ್ಟು ಜಾಣತನದಿಂದ ಹೇಳಿದೆ, ಬಾಡಿಗೆಗಿರೋಳು ಅಂದ್ಕೋತಾರೆ, ಇನ್ನೂ ನಂಬಿಕೆ ಬರುತ್ತೆ ಎಂದೆಲ್ಲ ಹೇಳುತ್ತ ಅತ್ತರು. ಇನ್ನೇನು, ಐದು ವರ್ಷ ತಾನೆ, ಆಮೇಲೆ ಎಲ್ಲ ಮೊದಲಿನ ಹಾಗೇ ಆಗುತ್ತೆ ಎಂದರು.

ಸೊಸೆ ಕೈ ಬಿಡಿಸಿಕೊಂಡಳು. ಬಿರುಸಾಗಿ ಅಲ್ಲ.

"ಸುಳ್ಳು ಹೇಳಿದ್ದಿದ್ರೆ ಕಾಯಬಹುದಿತ್ತು ಅತ್ತೆ," ಎಂದಳು. "ನಾನು ಸುಳ್ಳು ಹೇಳಲಿಲ್ಲ."

ಬಹಳ ದಿನದ ಮೇಲೆ ಅತ್ತೆ ಎಂಬ ಮಾತು ಆ ಮನೆಯಲ್ಲಿ ಕೇಳಿಸಿತು. ಈ ಸಲ ಅವರು ಅದನ್ನು ತಿದ್ದಲಿಲ್ಲ.

ಆಸ್ಪತ್ರೆಯ ಹಿಂಬದಿಯಲ್ಲಿ ಕೆಲಸದ ಹೆಂಗಸರಿಗೆಂದು ಸಾಲು ಕೋಣೆಗಳಿದ್ದವು. ಒಂದು ಖಾಲಿಯಿರುವುದನ್ನು ಅವಳು ಹೋದ ವಾರವೇ ವಿಚಾರಿಸಿಟ್ಟಿದ್ದಳು. ಹೊರಡುವ ದಿನ ಮಾವ ಡಿಪೋದಿಂದ ರಜಾ ಹಾಕಿ ಬಂದು ಅವಳ ಪೆಟ್ಟಿಗೆ ಹೊತ್ತರು. ಬಸ್ಸಿನಿಂದ ಇಳಿಯುವಾಗ, ನಾನು ಹೆದರಿದೆ ಕಣಮ್ಮ, ಅವನು ನನ್ನ ಥರಾನೇ ಎಂದರು. ನಾದಿನಿ ಬೀದಿ ತುದಿಯವರೆಗೂ ಬಂದು, ಬಸ್ ಸ್ಟಾಪಿನಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, ಭಾನುವಾರ ಬರ್ತೀನಿ ಅತ್ತಿಗೆ ಎಂದಿದ್ದಳು. ಎರಡು ಭಾನುವಾರ ಬಂದಳು. ಆಮೇಲೆ ಅಂಗಡಿಯಲ್ಲಿ ಭಾನುವಾರವೂ ಕೆಲಸ ಶುರುವಾಯಿತು.

ಕೋಣೆಗಳ ಉಸ್ತುವಾರಿ ನೋಡುತ್ತಿದ್ದ ವಯಸ್ಸಾದ ಹೆಂಗಸು ಬೀಗದ ಕೈ ಕೊಡುವಾಗ ಅವಳನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದ್ದಳು.

"ಮದುವೆ ಆಗಿದೆಯಾ?"

"ಆಗಿದೆ."

"ಮತ್ತೆ ಒಬ್ಬಳೇ? ಗಂಡ ತೀರಿಕೊಂಡ್ರಾ?"

"ಇಲ್ಲ. ನನ್ನ ಗಂಡ ಸೈನ್ಯಕ್ಕೆ ಸೇರಿದ್ದಾರೆ."

ನನ್ನ ಗಂಡ ಎನ್ನುವ ಮಾತನ್ನು ಅವಳು ಎಷ್ಟೋ ತಿಂಗಳ ಮೇಲೆ ಬಾಯಿಬಿಟ್ಟು ಆಡಿದ್ದಳು, ಅದೂ ಗುರುತು ಪರಿಚಯವಿಲ್ಲದವಳ ಮುಂದೆ.

ಮುದುಕಿಯ ಮುಖ ಅರಳಿತು. ಪುಣ್ಯವಂತೆ ಎಂದಳು. ಆಮೇಲೆ ಕೋಣೆಯೊಳಗೆ ಇಣುಕಿ, ಒಂದೇ ಮಂಚ, ಒಂದೇ ಕಿಟಕಿ, ಗೋಡೆಗೊಂದು ಕಪಾಟು ಇದ್ದುದನ್ನು ನೋಡಿ ತಲೆಯಾಡಿಸಿದಳು.

"ಅವರು ರಜಾ ಹಾಕಿ ಬಂದ್ರೆ ಇದು ಸಾಕಾಗಲ್ಲಮ್ಮ."

"ಸಾಕಾಗುತ್ತೆ," ಎಂದು ಅವಳು ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡಳು.